ಎಡ ತುದಿಯಿಂದ ಒಂದು

ಯಾದಗಿರಿ
೧೭ ಫೆಬ್ರವರಿ ೧೯೫೭, ಭಾನುವಾರ
ಬೆಳಗಿನ ಐದು ಗಂಟೆ

ಹೈದರಾಬಾದಿನಲ್ಲಿರುವ ನನ್ನವರಿಗೆ ಮೋನಮ್ಮನ ನಮಸ್ಕಾರಗಳು.

ನಿಮ್ಮ ಕೆಮ್ಮು ಹೇಗಿದೆ? ಮೆಸ್ಸಿನ ಊಟ ಒಗ್ಗಿತೇ? ಪಕ್ಕದ ಮನೆಯ ಖುರ್ಷೀದಬೇಗಂ ಮೊಮ್ಮಗಳಿಗೆ ಉರ್ದು ಪಾಠ ಓದಿಸುವ ದನಿಗೆ ಎಚ್ಚರವಾಯಿತು. ಎಚ್ಚರವೇನು, ಕೂಸಿಗೆ ಹಲ್ಲು ಬರುತ್ತಿವೆ, ನನಗೆ ನಿದ್ದೆಯೇ ಇಲ್ಲ. ಗಾಬರಿಯಾಗಬೇಡಿ, ಜ್ವರವಿಲ್ಲ. ನಿಮ್ಮ ಅವ್ವ ಅದನ್ನು ಎತ್ತಾಡಿಸುತ್ತ, "ನಿಮ್ಮಪ್ಪನ ಓದು ಮುಗಿಯೂದ್ರಾಗ ನಿನಗ ಮೀಸಿ ಬರ್ತಾವ ತಗೋ" ಎನ್ನುತ್ತಾರೆ.

ಗಾಬರಿಯಾಗಬೇಕಾದ ಸಂಗತಿ ಬೇರೆ ಇದೆ. ಸುರಪುರ ಸೀಮೆಯ ಕುರಿಗಾರರ ವಲಸೆಯ ಬಗ್ಗೆ ನೀವು ಬರೆದಿಟ್ಟ ಕಾರ್ಡುಗಳನ್ನು ನಿಮ್ಮ ಗೆಳೆಯ ಮೈನುದ್ದೀನರ ಕೈಯಲ್ಲಿ ನಿನ್ನೆ ಕಳಿಸಿದೆನಲ್ಲ, ಅವಕ್ಕೆ ನಾನು ಹಾಕಿದ ಸಂಖ್ಯೆ ತಪ್ಪು. ಕುರಿಗಾರರು ಊರಲ್ಲಿರುವ ಮಳೆಗಾಲದಲ್ಲಿ ದೋರನಹಳ್ಳಿ, ತಿಂಥಣಿ ತಿರುಗಿ ಕೇಳಿ ಬರೆಯುವುದು, ಚಳಿಗಾಲದಲ್ಲಿ ಹೊಂದಿಸುವುದು, ಬೇಸಿಗೆಗೆ ಪ್ರಬಂಧ ಒಪ್ಪಿಸುವುದು ಎಂದು ಎಷ್ಟು ಜೋಪಾನವಾಗಿ ಯೋಚಿಸಿದ್ದಿರಿ! ರಾಜ್ಯ ಕೂಡಿದ ಮೇಲೆ ನಿಮ್ಮ ನೌಕರಿಯ ರಜೆಯ ಮಾತು ಬೆಂಗಳೂರಿಗೆ ಹೋಗಿದೆ, ಇನ್ನೊಂದು ವರ್ಷ ಸಿಗುವುದಿಲ್ಲ. ಈ ಬೇಸಿಗೆ ತಪ್ಪಿದರೆ ಪಿಎಚ್.ಡಿ.ಯೇ ತಪ್ಪಿದಂತೆ. ಅದಕ್ಕೇ ನೀವು, "ನೀ ಬಿ.ಎ. ಓದಿದಾಕಿ, ಸಂಖ್ಯೆ ಹಾಕಿ ಕಳಸು. ಗಂಟು ಬಿಚ್ಚಲಾರದನ ಸೋಮವಾರ ಟೈಪಿಸ್ಟಗ ಕೊಡ್ತೇನಿ" ಎಂದು ಬರೆದಿರಿ. ನಾನು ನೀವು ಕಾರ್ಡು ಜೋಡಿಸಿಟ್ಟ ಪೆಟ್ಟಿಗೆಯ ಎಡ ತುದಿಯಿಂದ ಒಂದು, ಎರಡು ಎಂದು ಶಾಯಿಯಲ್ಲಿ ಹಾಕುತ್ತ ಹೋದೆ.

ಈಗ ಕೂಸನ್ನೆತ್ತಿಕೊಂಡು ಪಕ್ಕದ ಅಂಗಳದಲ್ಲಿ ನಿಂತಾಗ ಆ ಹುಡುಗಿ ಉರ್ದು ಪುಸ್ತಕವನ್ನು ನಮ್ಮ ಕನ್ನಡದ ಕೊನೆಯ ಪುಟದ ಕಡೆಯಿಂದ ತೆರೆದಳು. ಆಗ ಹೊಳೆಯಿತು. ನೀವು ಉರ್ದು ಶಾಲೆಯಲ್ಲಿ ಓದಿದವರು. ಬರೆಯುವುದು ಕನ್ನಡದಲ್ಲಾದರೂ ನಿಮ್ಮ ಕೈ ಕಾರ್ಡು ಜೋಡಿಸುವುದು ಬಲದಿಂದಲೇ! ಹೇಳಿದರೆ ಖುರ್ಷೀದಬೇಗಂ ನಕ್ಕುಬಿಟ್ಟರು: "ಅಲ್ಲ ಬೇಟಿ, ಅಂವ ಮುಂಬಾಗಲಾಗ ನಿಂತಾನ, ನೀ ಹಿತ್ತಲಕಡಿಂದ ಒಳಗ ಕರದೀದಿ!" ನನಗೆ ನಗು ಬರಲಿಲ್ಲ. ನನ್ನ ಸಂಖ್ಯೆಯಂತೆ ಟೈಪಾದರೆ ಕುರಿ ಊರು ಬಿಡುವ ಮುನ್ನವೇ ಮರಳಿ ಬಂದಿರುತ್ತದೆ, ಮರಿ ಹುಟ್ಟಿದ ಮೇಲೆ ಗಬ್ಬವಾಗುತ್ತದೆ. ಗುರುಗಳು ಮೊದಲ ಪುಟಕ್ಕೇ ಮುಖ ತಿರುವುತ್ತಾರೆ.

ಕೂಸು ನಿಮ್ಮ ಪಟ ಕಂಡರೆ ಕೈ ಚಾಚುತ್ತದೆ. ಮೈ ಕಡೆ ಲಕ್ಷ್ಯವಿರಲಿ.

ನಿಮ್ಮ
ಮೋನಮ್ಮ

ತಾ.ಕ.: ಖುರ್ಷೀದಬೇಗಂ ಅವರ ಮಗ ವಹಾಬರು ಈಗಿನ ಗಾಡಿಗೇ ಹೊರಟಿದ್ದಾರೆ, ಪತ್ರ ಸಂಜೆಗೆ ನಿಮ್ಮ ಕೈ ಸೇರುತ್ತದೆ. ಕೊನೆಯ ಕಾರ್ಡನ್ನು ಮೊದಲು ಮಾಡಿ. ನಾಳೆ ಬೆಳಗಾಗುವುದರೊಳಗೆ ಇಲ್ಲಿಯ ವಹಾಬರ ಅಂಗಡಿಗೆ ಫೋನ್ ಮಾಡಿರಿ, ಕೈಮುಗಿಯುತ್ತೇನೆ. ನಾನೂ ಖುರ್ಷೀದಬೇಗಂ ಅವರೂ ಅಲ್ಲೇ ಕೂತಿರುತ್ತೇವೆ. ಬೈಯುವುದಿದ್ದರೆ ಊರಿಗೆ ಬಂದಾಗ ಬೈಯಿರಿ. ಫೋನಿನಲ್ಲಿ "ಕುರಿ ಹೊಂಟಾವ" ಅಂದರೆ ಸಾಕು.