ಮುಟ್ಟಿತು ಅನ್ನುವ ಉತ್ತರ

ಕೊಳ್ಳೇಗಾಲ
ಆಗಸ್ಟ್ 20, ಬುಧವಾರ

ಪ್ರೀತಿಯ ಅಮ್ಮನಿಗೆ ನಿನ್ನ ಇಂಚರ ಮಾಡುವ ನಮಸ್ಕಾರ.

ಮಂಡಿನೋವು ಹೇಗಿದೆ? ಮನೆಮನೆ ಸುತ್ತುವ ನರ್ಸಮ್ಮನಿಗೆ ಊರವರ ಕಾಲೆಲ್ಲ ಕಾಣುತ್ತದೆ, ತನ್ನದೊಂದು ಕಾಣುವುದಿಲ್ಲ. ಎಣ್ಣೆ ಹಚ್ಚಿಕೋ. ಯಳಂದೂರಿನಲ್ಲಿ ಅತ್ತೆ ಚೆನ್ನಾಗಿದ್ದಾರೆ, ನಿನ್ನ ಅಳಿಯ ಚರಣ್ ಕೂಡ ನಿನ್ನನ್ನು ಕೇಳುತ್ತಿರುತ್ತಾರೆ. ನಿನ್ನ ಬೆಟ್ಟದ ಊರಿನಲ್ಲಿ ಸಿಗ್ನಲ್ ಒಂದು ಗಳಿಗೆ ಇದ್ದರೆ ಇನ್ನೊಂದು ಗಳಿಗೆ ದೇವರಿಗೇ ಪ್ರೀತಿ. ಅದಕ್ಕೇ ಈ ಕಾಗದವನ್ನು ಹನೂರು ಬಸ್ಸಿನ ಡ್ರೈವರ್ ಮಹದೇವಸ್ವಾಮಣ್ಣನ ಕೈಲಿ ಕಳಿಸುತ್ತಿದ್ದೇನೆ.

ನಮ್ಮ ಆಫೀಸಿನಲ್ಲಿ ಬೆಟ್ಟದ ಊರುಗಳ ಹೆರಿಗೆ ಜೀಪಿಗಾಗಿ ಜಾವಾ ಅನ್ನುವ ಕಂಪ್ಯೂಟರ್ ಭಾಷೆಯಲ್ಲಿ ಒಂದು ವೆಬ್ ಅಪ್ಲಿಕೇಶನ್ ಮಾಡುತ್ತಿದ್ದೇವೆ. ನಿನ್ನಂಥ ನರ್ಸು ಫೋನಿನಲ್ಲಿ ಬಟನ್ ಒತ್ತಿದರೆ ಸುದ್ದಿ ಇಲ್ಲಿನ ಸರ್ವರ್ ಕಂಪ್ಯೂಟರಿಗೆ ಬಂದು, ಇಲ್ಲಿಂದ ಜೀಪಿನವನಿಗೆ ಹೋಗಬೇಕು. ಅದು ಯಾವ ದಾರಿಯಲ್ಲಿ ಬರಬೇಕು ಅನ್ನುವುದೇ ಈಗ ಜಗಳ. ವೆಬ್‌ಸಾಕೆಟ್ ಅಂತ ಒಂದಿದೆ. ಫೋನಿಗೂ ಸರ್ವರ್‌ಗೂ ನಡುವೆ ಲೈನು ತೆರೆದೇ ಇರುತ್ತದೆ, ಜೀಪು ಓಡುವುದು ನಕ್ಷೆಯ ಮೇಲೆ ಕಾಣುತ್ತದೆ. ನಮ್ಮ ಮೇಲಿನವರಾದ ಉಮೇಶ್ ಸರ್‌ಗೆ ಅದೇ ಬೇಕು. ನಾನು ಹೇಳುವುದು ಹಳೆಯ ಎಚ್‌ಟಿಟಿಪಿ ಕೋರಿಕೆ. ಸುದ್ದಿಯನ್ನು ಫೋನಿನಲ್ಲೇ ಇಟ್ಟುಕೊಂಡು, ಸರ್ವರ್ ಉತ್ತರ ಕೊಡುವ ತನಕ ಮತ್ತೆ ಮತ್ತೆ ಕಳಿಸುವುದು. ವೆಬ್‌ಸಾಕೆಟ್ಟಿಗೂ ಹೀಗೆ ಉತ್ತರ ಕೇಳುವುದನ್ನು ಕಲಿಸಬಹುದು, ಆದರೆ ಅದಕ್ಕೆ ಇನ್ನಷ್ಟು ಸಮಯ ಬೇಕು.

ಇಲ್ಲೇ ಬಯಲಿನ ಸತ್ತೇಗಾಲದಲ್ಲಿ ಪರೀಕ್ಷೆ ಮಾಡಿದಾಗ ಉಮೇಶ್ ಸರ್ ಹೇಳಿದ್ದೇ ಸರಿ ಅನ್ನಿಸಿತ್ತು. ಹನೂರು ದಾಟಿ ಘಾಟಿ ಹತ್ತಿದೆವು ನೋಡು, ಲೈನು ಕಡಿದುಹೋಯಿತು. ಫೋನಿನಲ್ಲಿ ಮಾತ್ರ ಲೈನು ಇದೆ ಅನ್ನುವ ಹಸಿರು ಚುಕ್ಕೆ ಹಾಗೇ ಇತ್ತು. ಬಟನ್ ಒತ್ತಿದರೆ ‘ಕಳಿಸಲಾಗಿದೆ’ ಅಂತಲೂ ಬಂತು. ಸರ್ವರ್‌ಗೆ ಏನೂ ಬಂದಿರಲಿಲ್ಲ. ಆಗ ನೀನೇ ನೆನಪಾದೆ. ನೀನು ಬಸ್ಸಿನವರ ಕೈಲಿ ಜೀಪಿಗೆ ಹೇಳಿಕಳಿಸಿದಾಗೆಲ್ಲ ಅವರು ವಾಪಸ್ ಬರುವಾಗ ನಮ್ಮ ಮನೆ ಮುಂದೆ ಹಾರ್ನ್ ಹೊಡೆಯಬೇಕಿತ್ತು, ಅಲ್ಲಿಯ ತನಕ ನೀನು ಕೂತವಳೇ ಅಲ್ಲ. “ಏಳ್ಕಳ್ಸುದ್ರೆ ಆಗೋಯ್ತಾ? ಮುಟ್ತು ಅಂತ ಬರ್ಬೇಕು ಕಣವ್ವಾ” ಅನ್ನುತ್ತಿದ್ದೆ. ಇದನ್ನು ಹೇಳಿದರೆ ಉಮೇಶ್ ಸರ್ ನಕ್ಕುಬಿಟ್ಟರು. “ಸಾಹೇಬ್ರು ನೋಡ್ದಾಗ ಜೀಪ್ ಓಡ್ಬೇಕು ಕಣಮ್ಮ, ಮಿಕ್ಕಿದ್ದ ಆಮೇಲ್ ಸರಿಮಾಡಣ” ಅಂದರು. ಸೋಮವಾರ ಆ ಸಾಹೇಬರಿಂದಲೇ ಉದ್ಘಾಟನೆ. ಪರೀಕ್ಷೆ ಮಾಡಿದವಳು ನಾನಾದ್ದರಿಂದ ಎಲ್ಲ ಸರಿಯಿದೆ ಅಂತ ನಾನೇ ಸಹಿ ಹಾಕಬೇಕಂತೆ. ಎರಡು ದಿನದಿಂದ ಊಟ ಸೇರುತ್ತಿಲ್ಲ.

ಬಿಸಿಲಲ್ಲಿ ಸುತ್ತಬೇಡ, ಹೊತ್ತಿಗೆ ಸರಿಯಾಗಿ ಉಣ್ಣು. ಮಾದಪ್ಪ ನಿನ್ನನ್ನು ಕಾಯಲಿ.

ನಿನ್ನ ಮಗಳು
ಇಂಚರ

ತಾ.ಕ.: ಊಟ ಸೇರದಿರುವುದಕ್ಕೆ ಅದೊಂದೇ ಕಾರಣವಲ್ಲಮ್ಮ. ನನಗೀಗ ಮೂರು ತಿಂಗಳು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು ಅಂತ ಅತ್ತೆ ಆಗಲೇ ಹೇಳಿಯಾಗಿದೆ, ನೀನೂ ಬಿಡುವವಳಲ್ಲ. ಆದರೆ ಆ ಬಟನ್ ನಂಬಿಕೊಂಡು ಬೆಟ್ಟ ಹತ್ತಲು ನನಗೆ ಹೆದರಿಕೆ. ಮಾಡಿದ ನನಗೇ ಹೆದರಿಕೆ ಅಂದಮೇಲೆ, ಅಲ್ಲೇ ಇರುವ ಬಸುರಿಯರ ಕೈಗೆ ಯಾವ ಮುಖ ಇಟ್ಟುಕೊಂಡು ಕೊಡಲಿ? ಸಹಿ ಹಾಕುವುದಿಲ್ಲ ಅಂತ ನಾಳೆ ಹೇಳಿಬಿಡುತ್ತೇನೆ. ಕೆಲಸ ಹೋದರೆ ಹೋಗಲಿ, ನೀನು ಮಾತ್ರ ಬೈಯಬೇಡ.