ಹೊಸ್ತಿಲಿನ ಉತ್ತರಾರ್ಧ

ತಾ. ೧೪, ಮಂಗಳವಾರ

ಪ್ರೀತಿಯ ಪುಟ್ಟಿ,

ನಿನ್ನ ಎರಡು ಕಾಗದಗಳೂ ಕೈಸೇರಿವೆ. ಉತ್ತರಿಸಲು ಎಷ್ಟು ಸಲ ಕೂತರೂ ಕೈ ಓಡಲಿಲ್ಲ, ಬೈದುಕೊಳ್ಳಬೇಡ. ಅತ್ತೆ ಈಗ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದಾರೆ. ನನ್ನ ಅಡುಗೆಗೆ ಉಪ್ಪು ಸಾಲದೆಂದು ಮೊನ್ನೆ ಗೊಣಗಿದರು. ಕೇಳಿ, ಹೋದ ಜೀವ ಬಂದಂತಾಯಿತು.

ನಾನು ಮತ್ತೆ ನಿಘಂಟು ಕಚೇರಿಗೆ ಹೋಗುತ್ತಿದ್ದೇನೆ. ಈ ವಾರ ನನ್ನ ಪಾಲಿಗೆ ಬಂದದ್ದು ಇಂಗ್ಲಿಷಿನ ‘ಥ್ರೆಷೋಲ್ಡ್’, ಅಂದರೆ ಹೊಸ್ತಿಲು. ಹಿಂದೆ ಇಂಗ್ಲಿಷರು ಮನೆಯ ನೆಲಕ್ಕೆ ಹುಲ್ಲು ಹಾಸುತ್ತಿದ್ದರಂತೆ, ಅದು ಹೊರಗೆ ಚೆಲ್ಲದಂತೆ ಹಿಡಿದಿಡುವ ಹಲಗೆಗೆ ಆ ಹೆಸರು ಬಂತಂತೆ. ಕೇಳಲು ಚೆಂದ, ಆದರೆ ಶುದ್ಧ ಕಾಗಕ್ಕ ಗುಬ್ಬಕ್ಕನ ಕಥೆ. ಪದದ ಮೊದಲರ್ಧ ತುಳಿಯುವುದಕ್ಕೆ ಸಂಬಂಧಿಸಿದ್ದು, ಅಷ್ಟು ಗೊತ್ತು. ಉಳಿದರ್ಧ ಎಲ್ಲಿಂದ ಬಂತೋ ಯಾರಿಗೂ ತಿಳಿಯದು.

“ಆ ಹುಲ್ಲಿನ ಕಥೆ ಇರ್ಲಿ ಬಿಡಮ್ಮ, ಓದೋರಿಗೆ ಖುಷಿಯಾಗುತ್ತೆ,” ಎಂದರು ಸಂಪಾದಕರು.

“ಗೊತ್ತಿಲ್ದೇ ಇದ್ರೆ ಗೊತ್ತಿಲ್ಲ ಅಂತ್ಲೇ ಬರೀಬೇಕು ಸಾರ್,” ಎಂದು ಜಗಳವಾಡಿ ಆ ಸಾಲನ್ನು ಹೊಡೆದುಹಾಕಿದೆ. ನನ್ನ ಮೂಗಿನ ತುದಿಯ ಕೋಪ ನಿನಗೆ ಗೊತ್ತೇ ಇದೆ.

ಮನೆಯ ಮಾತಿಗೆ ಬರುತ್ತೇನೆ. ಗೋದಾಮಿನ ಬೆಂಕಿಯಲ್ಲಿ ನಿಮ್ಮಣ್ಣ ಹೋದ ಮೇಲೆ ಅತ್ತೆ ಊಟವನ್ನೇ ಬಿಟ್ಟಿದ್ದರು. “ನನ್ನ ಮಗ ಒದ್ದಾಡಿದ್ನೇನೇ? ಕೂಗ್ಕೊಂಡ್ನೇನೇ?” ಎಂದು ಕೇಳಿದ್ದೇ ಕೇಳಿದ್ದು. ಕೊನೆಗೆ ಅಲ್ಲಿ ತೂಕ ಮಾಡುವ ಕೆಲಸದವನು ಮನೆಗೆ ಬಂದ. ಅತ್ತೆಯ ಕಾಲ ಬಳಿ ಕೂತು, “ಹೊಗೆಗೇ ನಿದ್ದೆ ಬಂದ್ಹಂಗೆ ಒರಗಿದ್ರಮ್ಮ. ಬೆಂಕಿ ಹತ್ರ ಬರೋಕೆ ಮುಂಚೇನೇ ಎಲ್ಲ ಮುಗಿದಿತ್ತು. ಕಣ್ಣಾರೆ ನೋಡ್ದೆ,” ಎಂದ. ಅಂದು ಸಂಜೆ ಅತ್ತೆ ತಟ್ಟೆಯ ಮುಂದೆ ಕೂತರು.

ಅಣ್ಣನ ಕೊನೆ ಹೇಗಾಯಿತು ಎಂದು ನೀನೂ ಕೇಳಿದ್ದೀಯ. ಆ ತೂಕದವನು ಹೇಳಿದ್ದೇ ನಿನಗೂ ಉತ್ತರ. ದುಃಖದಲ್ಲಿ ಮೈ ಕೆಡಿಸಿಕೊಳ್ಳಬೇಡ, ವೇಳೆಗೆ ಸರಿಯಾಗಿ ಉಣ್ಣು. ಎಲ್ಲಿದ್ದರೂ ನಿನ್ನ ಬಾಳು ತಣ್ಣಗಿರಲಿ.

ನಿನ್ನ
ಅತ್ತಿಗೆ

ತಾ.ಕ.: ಮಡಿಚಿದ ಕಾಗದವನ್ನು ಮತ್ತೆ ಬಿಚ್ಚಿದೆ. ನಿನಗೂ ಸುಳ್ಳು ಹೇಳಲಾರೆ ಪುಟ್ಟಿ. ಬೆಂಕಿ ಬಿದ್ದ ದಿನ ತೂಕದವನು ಗೋದಾಮಿನಲ್ಲಿ ಇರಲೇ ಇಲ್ಲ. ಅಷ್ಟನ್ನೂ ಬಾಯಿಪಾಠ ಮಾಡಿಸಿ ಅವನನ್ನು ಕರೆತಂದವಳು ನಾನು. ನಿಮ್ಮಣ್ಣನ ಕೊನೆಯ ಗಳಿಗೆ ಹೇಗಿತ್ತೋ ಯಾರೂ ಕಂಡಿಲ್ಲ. ನಿನ್ನೆ ಅಡುಗೆಮನೆಯಲ್ಲಿ ನಾನು ಅಳುತ್ತಿದ್ದದ್ದು ಅತ್ತೆಯ ಕಣ್ಣಿಗೆ ಬಿತ್ತು. ತಲೆ ಸವರಿ, “ಅಳ್ಬೇಡ್ವೇ, ಅವನಿಗೆ ಏನೂ ಗೊತ್ತಾಗ್ಲೇ ಇಲ್ವಂತಲ್ಲ,” ಎಂದು ಅದೇ ಕಥೆಯನ್ನು ಮೊದಲಿನಿಂದ ಹೇಳಿದರು. ಮುಗಿದ ಮೇಲೆ, “ಇನ್ನೊಂದ್ಸಲ ಹೇಳಿ ಅತ್ತೆ,” ಎಂದೆ.