ಐದನೆಯ ಹೆಸರು

ಮಾರ್ಚ್ ೪, ೨೦೦೩, ಮಂಗಳವಾರ

ಲೇಹ್‌ಗೆ ಫೋನ್. ಮೂರು ಸಲ ಕಟ್. ನಾಲ್ಕನೇ ಸಲ ಸಿಕ್ಕಿತು, ಆಗಲೇ ಕೌಂಟರಿನ ಮುಂದೆ ದುಬೈ ಟಿಕೆಟಿನವರು ಆರು ಮಂದಿ. ಎಲ್ಲರಿಗೂ ಅವಸರ.

ನಾಲ್ಕು ವರ್ಷದಿಂದ ಬಿ.ಸಿ. ರೋಡಿನ ಈ ಟ್ರಾವೆಲ್ಸ್‌ನಲ್ಲಿದ್ದೇನೆ. ಗಲ್ಫಿಗೆ ಹೋಗುವವರಿಗೆ ಟಿಕೆಟ್ ಮಾಡಿ, ಬಂದವರಿಗೆ ತಾರೀಕು ಬದಲಿಸಿ ಅಭ್ಯಾಸ. ಈಗ ಗಾಲ್ಫ್! ಮೂಡುಬಿದಿರೆಯ ಹೋಟೆಲಿನ ರಂಜಿತ್ ಸರ್‌ಗೆ ಲಡಾಖಿನ ಬೆಟ್ಟದ ಮರುಭೂಮಿಯಲ್ಲಿ ಗಾಲ್ಫ್ ಆಡಬೇಕಂತೆ. ಅವರೂ ಅವರ ಮೂವರು ಸ್ನೇಹಿತರೂ. ಜುಲೈಯಲ್ಲಿ ಒಂದು ವಾರ. ನಮ್ಮ ಧಣಿ ಸಲಾಂ ಸರ್ "ರಶೀನಾ, ನೀನೇ ನೋಡು" ಎಂದು ಫೈಲ್ ನನ್ನ ಮೇಜಿಗೆ ತಳ್ಳಿ ಊಟಕ್ಕೆ ಹೋದರು. ಗೊತ್ತಿಲ್ಲದ್ದೆಲ್ಲ ನನ್ನ ಮೇಜಿಗೆ.

ಅಲ್ಲಿಯ ಕ್ಲಬ್ಬಿನ ಸೆಕ್ರೆಟರಿ ನಿವೃತ್ತ ಮೇಜರ್. ಹಿಂದಿಯಲ್ಲಿ ಗದರುತ್ತಾರೆ. ಹುಲ್ಲು ಇಲ್ಲ, ಮೈದಾನವಿಡೀ ಮರಳು ಎಂದರು. ಹೊಸಬರು ಬಂದು ಹಾಳು ಮಾಡಿ ಹೋಗುತ್ತಾರೆ. ಮರಳಿನ ಮೇಲೆ ಆಡಿ ಗೊತ್ತಿರುವವರು ಒಬ್ಬರಾದರೂ ತಂಡದಲ್ಲಿದ್ದರೆ ಮಾತ್ರ ಪರ್ಮಿಶನ್.

ಮೂಡುಬಿದಿರೆಯಲ್ಲಿ ಅಂಥವರನ್ನು ಎಲ್ಲಿಂದ ತರಲಿ?

ಮಾರ್ಚ್ ೫

ನಿನ್ನೆ ರಾತ್ರಿ ಮನೆಯಲ್ಲಿ ಊಟಕ್ಕೆ ಕೂತಾಗ ತಮಾಷೆಗೆಂದು ಬಾಪನಿಗೂ ಉಮ್ಮನಿಗೂ ಈ ಕಥೆ ಹೇಳಿದೆ. ಬಾಪ ಊಟ ನಿಲ್ಲಿಸಿದರು. ಮರಳಿಗೆ ಎಣ್ಣೆ ಹಾಕುತ್ತಾರಾ ಎಂದು ಕೇಳಿದರು. ಎಂಥ ಎಣ್ಣೆ?

ಆಮೇಲೆ ಹೇಳಿದ್ದು ಇಷ್ಟು. ಹುಲ್ಲಿನ ಮೈದಾನದಲ್ಲಿ ಗುಂಡಿಯ ಸುತ್ತಲಿನ ಜಾಗಕ್ಕೆ ಗ್ರೀನ್ ಅನ್ನುತ್ತಾರೆ. ಮರುಭೂಮಿಯಲ್ಲಿ ಹುಲ್ಲೆಲ್ಲಿ? ಮರಳಿಗೆ ಎಣ್ಣೆ ಬೆರೆಸಿ ಗಟ್ಟಿ ಮಾಡುತ್ತಾರೆ. ಅದು ಬ್ರೌನ್. ಸೌದಿಯ ಒಂದು ಕಂಪೆನಿ ಕಾಲೊನಿಯಲ್ಲಿ ಅಂಥ ಹದಿನೆಂಟು ಬ್ರೌನ್. ಅವನ್ನು ಹದಿನಾರು ವರ್ಷ ಸಮ ಮಾಡಿದ್ದು ನನ್ನ ಬಾಪ, ಸಿದ್ಧಕಟ್ಟೆಯ ಉಮ್ಮರ್. ಸಂಜೆ ಸಾಹೇಬರೆಲ್ಲ ಹೋದ ಮೇಲೆ, ಕತ್ತಲಾಗುವ ಮೊದಲು ಸಿಗುವ ಅರ್ಧ ಗಂಟೆ ಅವರು ಬಿಸಾಡಿದ ಕೋಲಿನಲ್ಲಿ ತಾವೂ ಆಡುತ್ತಿದ್ದರಂತೆ.

"ತೋಟದ ಕೆಲಸ ಅಂತಲ್ಲವಾ ನೀವು ಹೇಳಿದ್ದು?" ಎಂದು ಉಮ್ಮ ಕೇಳಿದರು.

"ಸುರುವಿಗೆ ಹೇಳಿದ್ದೆ ಬೀಯಮ್ಮ. ಮರಳಿನಲ್ಲಿ ಚೆಂಡು ಹೊಡೆಯುತ್ತಾರೆ ಅಂದರೆ ನೀನು ನಂಬಲಿಲ್ಲ. ಮತ್ತೆ ಹೇಳಲಿಲ್ಲ."

ನನ್ನ ಮೇಲೆ ನನಗೇ ಸಿಟ್ಟು. ಊರಿಗೆ ಬಂದಾಗಲೆಲ್ಲ ಪೆಟ್ಟಿಗೆಯಲ್ಲಿ ಏನು ತಂದಿದ್ದೀರಿ ಎಂದು ಕೇಳಿದ್ದೇನೆ. ಅಲ್ಲಿ ಏನು ಮಾಡುತ್ತೀರಿ ಎಂದು ಒಂದು ಸಲ ಕೇಳಿದ್ದು ನೆನಪಿಲ್ಲ.

ಮಾರ್ಚ್ ೧೬, ಭಾನುವಾರ

ಬಾಪನ ವಿಷಯ ರಂಜಿತ್ ಸರ್‌ಗೆ ಹೇಳಿದ್ದೆ, ಆಟ ನೋಡಬೇಕು ಎಂದಿದ್ದರು. ಊರಿನ ಮೇಲಿನ ಗುಡ್ಡದ ಪದವಿಗೆ ಎರಡು ಕಾರು ಬಂದವು. ಪದವು ಎಂದರೆ ಕೆಂಪು ಮುರಕಲ್ಲಿನ ಬಯಲು, ಈ ಬಿಸಿಲಿಗೆ ಒಂದು ಹಸಿರು ಕಡ್ಡಿಯಿಲ್ಲ. ಬಾಪ ನಿನ್ನೆಯೇ ಹೋಗಿ ಕಲ್ಲು ಹೆಕ್ಕಿ, ಮರಳು ಹಾಸಿ, ಗ್ಯಾರೇಜಿನಿಂದ ತಂದ ಹಳೆ ಎಂಜಿನ್ ಆಯಿಲ್ ಬೆರೆಸಿ ವೃತ್ತವೊಂದನ್ನು ಮಾಡಿಟ್ಟಿದ್ದರು. ನೋಡಲು ಒಲೆಯಿಂದ ಇಳಿಸಿದ ದೊಡ್ಡ ಕಾವಲಿಯ ಹಾಗೆ.

ರಂಜಿತ್ ಸರ್, ಬೆಳ್ತಂಗಡಿಯ ಹಲ್ಲಿನ ಡಾಕ್ಟ್ರು ಚಿನ್ನಯ್ಯ, ಮತ್ತಿಬ್ಬರು. ಟೊಪ್ಪಿ, ಕೈಗವಸು, ಒಬ್ಬೊಬ್ಬರಿಗೂ ಆಳೆತ್ತರದ ಬ್ಯಾಗ್. ಒಬ್ಬರ ಚೆಂಡು ಕಲ್ಲಿಗೆ ಬಡಿದು ಕಾರಿನ ಕಡೆಗೇ ವಾಪಸ್. ನಗು ತಡೆಯಲು ನಾನು ಬೇರೆ ಕಡೆ ತಿರುಗಿದೆ.

ಬಾಪ ಪಂಚೆ ಎತ್ತಿ ಕಟ್ಟಿದರು. ರಂಜಿತ್ ಸರ್‌ರ ಕೋಲು ಕೇಳಿ ತೆಗೆದುಕೊಂಡರು. ಒಂದು ಪೆಟ್ಟು. ಚೆಂಡು ಎದ್ದದ್ದು ನನಗೆ ಕಾಣಲಿಲ್ಲ, ಇಳಿದದ್ದು ಕಂಡಿತು. ಎಣ್ಣೆಮರಳಿನ ಅಂಚಿಗೆ ಬಿದ್ದು, ಉರುಳಿ, ಗುಂಡಿಯ ಗುರುತಿಗೆ ಕೋಲು ನೆಟ್ಟಲ್ಲಿಗೆ ನಾಲ್ಕು ಹೆಜ್ಜೆ ಇರುವಾಗ ನಿಂತಿತು. ಆಮೇಲೆ ರಂಜಿತ್ ಸರ್ ಹೇಳಿದರು—

"ಉಮ್ಮರ್ ಬ್ಯಾರಿ, ನೀವು ನಮ್ಮೊಟ್ಟಿಗೆ ಬರಬೇಕು. ನಾಲ್ಕಲ್ಲ, ಐದು ಮಂದಿ ಹೋಗುವ."

ಬಾಪ ನನ್ನ ಮುಖ ನೋಡಿದರು. ಅರುವತ್ತಕ್ಕೆ ಎರಡು ಕಡಿಮೆ. ಆ ಕ್ಷಣ ಹಾಗೆ ಕಾಣಲಿಲ್ಲ.

ಮಾರ್ಚ್ ೨೦

ಫ್ಯಾಕ್ಸ್ ಕಳಿಸುವ ಮೊದಲು ಬಾಪನನ್ನು ಕೇಳಿದ್ದೆ. ಹೆಸರು ಹಾಕಲಾ? ಹಾಕು ಎಂದರು. ಸೌದಿಯ ಹಳೆ ಮ್ಯಾನೇಜರ್ ಕೊಟ್ಟ ಸರ್ಟಿಫಿಕೇಟಿನ ಪ್ರತಿಯನ್ನೂ ಕಳಿಸಿದೆ.

ಇವತ್ತು ಉತ್ತರ. ಶ್ರೀ ಉಮ್ಮರ್ ಇರುವುದರಿಂದ ಐವರು ಆಟಗಾರರಿಗೆ ಒಪ್ಪಿಗೆ. ಐದಕ್ಕಿಂತ ಹೆಚ್ಚು ಆಗದು. ಕೆಳಗೆ ಕೈಬರಹದಲ್ಲಿ ಒಂದು ಸಾಲು: ನಮ್ಮ ಏಳನೇ ಬ್ರೌನ್ ಪ್ರತಿ ವರ್ಷ ಬಿರುಕು ಬಿಡುತ್ತದೆ, ಅವರೊಮ್ಮೆ ನೋಡಬೇಕು.

ಮನೆಗೆ ಹೋಗಿ ಓದಿ ಹೇಳಿದೆ. ಎಣ್ಣೆ ಕಡಿಮೆಯಾಗಿರಬೇಕು ಎಂದರು ಬಾಪ, ಅಲ್ಲಿಯೇ ನಿಂತು ನೋಡಿದ ಹಾಗೆ.

ಏಪ್ರಿಲ್ ೨೭, ಭಾನುವಾರ

ಐದು ವಾರ ಬರೆದಿಲ್ಲ. ರಜೆಯ ಸೀಸನ್, ಟಿಕೆಟ್ ಟಿಕೆಟ್ ಟಿಕೆಟ್.

ಭಾನುವಾರ ತಪ್ಪದೆ ಪದವಿನಲ್ಲಿ ಪಾಠ. ಡಾಕ್ಟ್ರು ಚಿನ್ನಯ್ಯ ಬಾಪನನ್ನು ಗುರುಗಳೇ ಎನ್ನುತ್ತಾರೆ, ತಮಾಷೆಗಲ್ಲ. ಬಾಪ ಬೆಳಿಗ್ಗೆ ನಮಾಜ್ ಮುಗಿಸಿ ಗುಡ್ಡ ಹತ್ತಿ ಇಳಿಯುತ್ತಾರೆ. ಲಡಾಖಿನಲ್ಲಿ ಗಾಳಿ ತೆಳುವಂತೆ, ಉಸಿರು ಗಟ್ಟಿ ಬೇಕಂತೆ. ಬಂಟ್ವಾಳದ ಡಾಕ್ಟರು ಪರೀಕ್ಷೆ ಮಾಡಿ, ಹೋಗಬಹುದು ಎಂದು ಬರೆದುಕೊಟ್ಟರು. ಉಮ್ಮ ಸ್ವೆಟರ್ ಹೆಣೆಯಲು ಕೂತಿದ್ದಾರೆ, ಈ ಸೆಕೆಯಲ್ಲಿ!

ಜೂನ್ ೧೦, ಮಂಗಳವಾರ, ಮಧ್ಯಾಹ್ನ

ಆಫೀಸಿನಲ್ಲೇ ಬರೆಯುತ್ತಿದ್ದೇನೆ.

ರಂಜಿತ್ ಸರ್ ಬಂದಿದ್ದರು. ಹೊಸ ಲಿಸ್ಟ್. ಆಟಗಾರರು ಐದು. ಐದನೆಯ ಹೆಸರು ಅವರ ಭಾವನದು, ಮುಂಬೈಯವರು. ಕೆಳಗೊಂದು ಗೀಟು. ಗೀಟಿನ ಕೆಳಗೆ: ಉಮ್ಮರ್, ಹೆಲ್ಪರ್. ರೂಮ್ ಡ್ರೈವರ್ ಜೊತೆ.

ಪರ್ಮಿಶನ್ ಬಂದದ್ದೇ ಬಾಪನ ಹೆಸರಿನಿಂದ ಎಂದೆ. ದನಿ ಜೋರಾಗದ ಹಾಗೆ ನೋಡಿಕೊಂಡು ಎಂದೆ.

"ಅದಕ್ಕೇ ಅಲ್ವಾ ಕರ್ಕೊಂಡು ಹೋಗುವುದು," ಎಂದರು. "ಅಲ್ಲಿ ಕೇಳಿದರೆ ಪ್ಲೇಯರ್ ಅಂತ ಹೇಳುವ. ಭಾವನಿಗೆ ಬೇಡ ಅನ್ನಲಿಕ್ಕೆ ಆಗುವುದಿಲ್ಲ. ಬ್ಯಾಗ್ ಹಿಡಿಯಲಿಕ್ಕೂ ಒಬ್ಬರು ಬೇಕಲ್ಲ ಮಾರಾಯ್ತಿ. ಬ್ಯಾರಿಗೂ ಊರು ನೋಡಿದ ಹಾಗಾಯ್ತು."

ಕೆಟ್ಟದಾಗಿ ಹೇಳಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ನಗುತ್ತಾ ಹೇಳಿದರು, ಏನೋ ಉಪಕಾರ ಮಾಡುವವರ ಹಾಗೆ. ಸಲಾಂ ಸರ್ ಪಕ್ಕದಲ್ಲೇ ಕೂತು ತಲೆಯಾಡಿಸಿದರು. ಮೂರು ತಿಂಗಳು ಬಿಸಿಲಿನಲ್ಲಿ ನಿಂತು ಕಲಿಸಿದ್ದು ಯಾರು? ಬಾಪನ ಹೆಸರು ಬೇಕು. ಕೈ ಬೇಕು. ಭುಜ ಬೇಕು. ಬಾಪ ಮಾತ್ರ ಬೇಡ.

ಅದೇ ದಿನ, ಸಂಜೆ

ಬಾಪನಿಗೆ ಹೇಳಿದೆ. ಚಾ ಕುಡಿದು ಮುಗಿಸಿದರು. ಲೋಟ ಕೆಳಗಿಟ್ಟರು. ಹೋಗುತ್ತೇನೆ ಎಂದರು.

ಹೇಗೆ ಹೋಗುತ್ತೀರಿ, ನಾಚಿಕೆಯಾಗುವುದಿಲ್ಲವಾ ಎಂದು ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ. ಉಮ್ಮ ನನ್ನನ್ನೇ ಬೈದರು. ಬಾಪ ಎದ್ದು ಹೊರಗೆ ಹೋದರು. ಇಂಥವರ ಪರ ನಾನು ಯಾಕೆ ಜಗಳಾಡಬೇಕು?

ಜೂನ್ ೧೧

ಫ್ಯಾಕ್ಸ್ ಕಳಿಸಿದೆ. ಯಾರಿಗೂ ಹೇಳಲಿಲ್ಲ. ಇದ್ದದ್ದು ಇದ್ದ ಹಾಗೆ ಬರೆದೆ: ಶ್ರೀ ಉಮ್ಮರ್ ಅವರನ್ನು ಆಟಗಾರರ ಪಟ್ಟಿಯಿಂದ ತೆಗೆದಿದ್ದಾರೆ, ಬ್ಯಾಗ್ ಹೊರುವವರಾಗಿ ಕರೆತರುತ್ತಿದ್ದಾರೆ, ತಮಗೆ ತಿಳಿದಿರಲಿ. ಕಾಗದ ಮೆಷಿನ್ನಿನೊಳಗೆ ಹೋಗುವುದನ್ನು ನೋಡುತ್ತಾ ನಿಂತೆ. ಖುಷಿಯಾಯಿತು. ಸುಳ್ಳು ಯಾಕೆ ಬರೆಯಲಿ.

ಜೂನ್ ೧೩, ಶುಕ್ರವಾರ

ಬಸ್ ತಡ. ನಾನು ತಲುಪುವಾಗ ಸಲಾಂ ಸರ್ ಕೈಯಲ್ಲಿ ಉತ್ತರ. ಒಪ್ಪಿಗೆ ರದ್ದು. ಕಾರಣವನ್ನೂ ಬರೆದಿದ್ದರು ಮೇಜರ್, ನನ್ನ ಹೆಸರಿನ ಸಮೇತ.

ಸಲಾಂ ಸರ್ ಬೊಬ್ಬೆ ಹಾಕಲಿಲ್ಲ. ಗಿರಾಕಿಯ ಮೇಲೆ ಚಾಡಿ ಬರೆಯುವವರನ್ನು ಇಟ್ಟುಕೊಂಡರೆ ನಾಳೆ ಈ ಬಾಗಿಲು ಯಾರು ಹತ್ತುತ್ತಾರೆ ಎಂದು ಕೇಳಿದರು. ಸೋಮವಾರದಿಂದ ಬರಬೇಡ. ನಾಲ್ಕು ವರ್ಷಕ್ಕೆ ಒಂದು ವಾಕ್ಯ.

ಮನೆಗೆ ಬಂದು ಬಾಪನ ಮುಂದೆ ಎಲ್ಲ ಹೇಳಿದೆ. ನನ್ನ ಪರ ನಿಲ್ಲುತ್ತಾರೆ ಎಂದುಕೊಂಡಿದ್ದೆ. ಬಾಪನ ಮುಖ ಕೆಂಪಾಯಿತು. ನಾನು ಹುಟ್ಟಿದ ಮೇಲೆ ಮೊದಲ ಸಲ ಬಾಪನ ಸಿಟ್ಟು ನೋಡಿದೆ.

"ಹೆಸರು ಹಾಕುವಾಗ ಕೇಳಿದೆ. ತೆಗೆಯುವಾಗ ಯಾಕೆ ಕೇಳಲಿಲ್ಲ?"

"ನಾನು ತೆಗೆದದ್ದಲ್ಲ ಬಾಪ, ಅವರು—"

"ಅವರು ನನ್ನನ್ನು ಕೆಳಗೆ ಬರೆದರು. ನೀನು ಅಳಿಸಿಯೇ ಬಿಟ್ಟೆ."

ಒಳಗೆ ಹೋದರು. ಊಟಕ್ಕೆ ಕರೆದರೂ ಬರಲಿಲ್ಲ. ಸಿಟ್ಟು ರಂಜಿತ್ ಸರ್ ಮೇಲೆ, ಸಲಾಂ ಸರ್ ಮೇಲೆ, ಬಾಪನ ಮೇಲೆ... ಎಲ್ಲರ ಮೇಲೂ ಇತ್ತು. ಈಗ ತಿರುಗಿ ನನ್ನ ಹತ್ತಿರವೇ ಬಂದು ಕೂತಿದೆ.

ಜೂನ್ ೨೨, ಭಾನುವಾರ

ಒಂಬತ್ತು ದಿನ ಮನೆಯಲ್ಲಿ. ಬೆಳಿಗ್ಗೆ ಬಾಪ ಬಿಳಿ ಅಂಗಿ ಹಾಕಿ, ಕೊಡೆ ಹಿಡಿದು, ಬಸ್ ಹತ್ತಿ ಮೂಡುಬಿದಿರೆಗೆ ಹೋದರು. ಒಬ್ಬರೇ. ನಾನು ಬರುತ್ತೇನೆ ಎಂದದ್ದಕ್ಕೆ ಬೇಡ ಎಂದರು.

ಮಧ್ಯಾಹ್ನ ವಾಪಸ್. ಕೇಳಿ ಕೇಳಿ ಬಾಯಿ ಬಿಡಿಸಬೇಕಾಯಿತು. ಬಾಪ ರಂಜಿತ್ ಸರ್‌ರ ಎದುರು ಕೂತು, ಮೇಜರರಿಗೆ ನಾನೇ ಫೋನ್ ಮಾಡಿ ಮಾತಾಡುತ್ತೇನೆ, ಒಪ್ಪಿಗೆ ಮತ್ತೆ ಸಿಗಬಹುದು ಎಂದರಂತೆ. ಆದರೆ ನಾನು ಬರುವುದಾದರೆ ಆಡಲಿಕ್ಕೆ ಬರುವುದು. ಅವರವರ ಬ್ಯಾಗ್ ಅವರವರು ಹೊರಬೇಕು. ಮಗಳು ಬರೆದದ್ದು ನನ್ನನ್ನು ಕೇಳದೆ, ಆದರೆ ಬರೆದದ್ದರಲ್ಲಿ ಸುಳ್ಳಿಲ್ಲ.

ಕೊನೆಯ ಮಾತನ್ನು ಎರಡು ಸಲ ಕೇಳಿ ಹೇಳಿಸಿಕೊಂಡೆ.

ರಂಜಿತ್ ಸರ್, ಭಾವನಿಗೆ ಮಾತು ಕೊಟ್ಟಾಗಿದೆ ಎಂದರಂತೆ. ನಾವು ಊಟಿಗೆ ಹೋಗುತ್ತೇವೆ, ಅಲ್ಲಿ ಹುಲ್ಲುಂಟು. ಕಾಫಿ ತರಿಸಿದರಂತೆ. ಬಾಪ ಕುಡಿದು ಬಂದರಂತೆ.

"ಯಾಕೆ ಕುಡಿದಿರಿ?"

"ತಣಿದರೆ ಹಾಳಲ್ಲವಾ."

ಜೂನ್ ೨೪

ಡಾಕ್ಟ್ರು ಚಿನ್ನಯ್ಯ ಮನೆಗೆ ಬಂದರು. ಕ್ಲಿನಿಕ್ ಮುಚ್ಚಿ, ಮಳೆಯಲ್ಲಿ, ಸ್ಕೂಟರಿನಲ್ಲಿ. ಲಿಸ್ಟ್ ಬದಲಾದದ್ದು ತನಗೂ ಗೊತ್ತಿತ್ತು, ಬಾಯಿ ಬಿಡಲಿಲ್ಲ, ಸ್ನೇಹಿತ ಎಂದು ಸುಮ್ಮನಿದ್ದೆ ಎಂದರು. ಬಾಪ ಕುರ್ಚಿ ತೋರಿಸಿದರೂ ಕೂರಲಿಲ್ಲ.

"ನನಗೆ ಊಟಿ ಬೇಡ ಗುರುಗಳೇ. ನಾವಿಬ್ಬರೇ ಹೋಗುವ. ನೀವು ಬರುವುದಾದರೆ."

ಟಿಕೆಟ್ ನನ್ನದು ನಾನೇ ತೆಗೆಯುತ್ತೇನೆ ಎಂದರು ಬಾಪ. ಡಾಕ್ಟ್ರು ಒಪ್ಪಿದರು. ದೆಹಲಿಯವರೆಗೆ ರೈಲು, ಅಲ್ಲಿಂದ ವಿಮಾನ. ಎಲ್ಲ ಹೇಳಿಯಾದ ಮೇಲೆ ಬಾಪ ನನ್ನ ಕಡೆ ತಿರುಗಿ, ಕಾಗದ ತೆಗೆದುಕೋ ಎಂದರು. ಹನ್ನೊಂದು ದಿನದಲ್ಲಿ ನನ್ನೊಡನೆ ತಾವಾಗಿ ಆಡಿದ ಮೊದಲ ಮಾತು.

ಬರೆದೆ. ಕಳಿಸುವ ಮೊದಲು ಓದು ಎಂದರು. ಓದಿದೆ. ಶ್ರೀ ಅಂತ ಬೇಡ, ಬರೇ ಉಮ್ಮರ್ ಸಾಕು ಎಂದರು. ಎಸ್‌ಟಿಡಿ ಬೂತಿನಿಂದ ಫ್ಯಾಕ್ಸ್ ಮಾಡಿದೆ. ನಾಳೆಯೇ ಉತ್ತರ ಬಂದರೂ ಬರಬಹುದು, ಮೇಜರ್ ಅಂಥವರು.

ಜುಲೈ ೮

ನೇತ್ರಾವತಿ ಕೆಂಪಾಗಿ ಏರಿದೆ, ಬಂಟ್ವಾಳ ಪೇಟೆಯ ಕೆಳಗಿನ ಅಂಗಡಿಗಳು ಸಾಮಾನು ಮೇಲೆತ್ತಿವೆ. ಮೇಜರರ ಒಪ್ಪಿಗೆ ಬಂದಾಗಿತ್ತು, ಬಾಪನನ್ನೂ ಡಾಕ್ಟ್ರನ್ನೂ ಮಂಗಳೂರಿನಲ್ಲಿ ರೈಲು ಹತ್ತಿಸಿ ಬಂದೆವು. ಉಮ್ಮ ಕಿಟಕಿಯಿಂದ ಸ್ವೆಟರ್ ತೂರಿಸಿದರು, ಒಂದು ತೋಳು ಉದ್ದ.

ವಾಪಸ್ ಬರುವಾಗ ಸಲಾಂ ಸರ್ ಸಿಕ್ಕಿದರು. ಫೈಲುಗಳು ಯಾರಿಗೂ ಅರ್ಥವಾಗುತ್ತಿಲ್ಲವಂತೆ, ಸೋಮವಾರದಿಂದ ಬಾ ಎಂದರು. ತಪ್ಪಾಯಿತು ಎಂಬ ಒಂದು ಮಾತಿಲ್ಲ. ಸುಮ್ಮನೆ ಬಾ. ನಾನೇನು ಅವರ ಮೇಜಿನ ಸ್ಟೇಪ್ಲರಾ? ಹೋಗುವುದಿಲ್ಲ. ಮೂಡುಬಿದಿರೆಯ ಒಂದು ಟ್ರಾವೆಲ್ಸ್‌ಗೆ ಅರ್ಜಿ ಕೊಟ್ಟಾಗಿದೆ.

ಜುಲೈ ೧೫, ಸಂಜೆ

ಬಾಪನ ಫೋನ್. ಈಗಷ್ಟೇ. ಗಾಳಿಯ ಸದ್ದಿನ ನಡುವೆ.

ಎರಡು ದಿನ ಮಲಗಿಯೇ ಇದ್ದು ಉಸಿರು ಹೊಂದಿಸಿಕೊಂಡರಂತೆ. ಇವತ್ತು ಬೆಳಿಗ್ಗೆ ಮೈದಾನಕ್ಕೆ. ಸುತ್ತ ಬೋಳು ಬೆಟ್ಟ, ಮೇಲೆ ಹಿಮ. ಮೇಜರ್ ಗೇಟಿಗೇ ಬಂದು ಕೈ ಕುಲುಕಿ, ಮೊದಲ ಹೊಡೆತ ನಿಮ್ಮದು ಎಂದರಂತೆ. ಹತ್ತು ಮಂದಿ ನಿಂತು ನೋಡುತ್ತಿದ್ದರಂತೆ. ಬೆಳಕಿರುವಾಗ, ಜನ ನೋಡುತ್ತಿರುವಾಗ ಬಾಪ ಯಾವತ್ತೂ ಅಂಥ ಮೈದಾನದಲ್ಲಿ ಆಡಿದ್ದಿಲ್ಲ.

ಹೇಗೆ ಹೋಯಿತು ಚೆಂಡು ಎಂದೆ.

"ಹೋಗಲೇ ಇಲ್ಲ," ಎಂದರು. "ಬರೇ ಮರಳು ಹಾರಿತು. ಚೆಂಡು ಅಲ್ಲೇ ಕೂತಿತ್ತು, ನನ್ನನ್ನೇ ನೋಡಿಕೊಂಡು."

ನಕ್ಕರು. ತಡೆಯಲಾರದೆ, ಕೆಮ್ಮು ಬರುವಷ್ಟು. ಹದಿನಾರು ವರ್ಷ ಪ್ರತಿ ಶುಕ್ರವಾರ ಸೌದಿಯಿಂದ ಫೋನ್ ಮಾಡುತ್ತಿದ್ದರು. ಆರೋಗ್ಯವಾ, ಮಳೆ ಬಂತಾ, ಓದುತ್ತಿದ್ದೀಯಾ. ಅಷ್ಟು ಫೋನುಗಳಲ್ಲಿ ಒಂದರಲ್ಲಿಯೂ ಬಾಪ ನಕ್ಕದ್ದು ನಾನು ಕೇಳಿಲ್ಲ. ಉಮ್ಮ ಅಡುಗೆಮನೆಯಿಂದ ಓಡಿ ಬಂದು, ಯಾಕೆ ಅಳುತ್ತಿದ್ದೀ, ಅವರಿಗೇನಾಯಿತು ಎಂದು ರಿಸೀವರ್ ಕಿತ್ತುಕೊಂಡರು, ಕಿವಿಗಿಟ್ಟರು, ಆಮೇಲೆ ಅವರೂ ಬಾಪನ ಜೊತೆ ನಗಲಿಕ್ಕೆ ಸುರು ಮಾಡಿದರು.